ದಂತದ ದಾಳಕ್ಕೆ ಹಸಿರು ಬಣ್ಣ

ನಿಮ್ಮ ಮನೆಯ ಅಟ್ಟದ ಮೇಲೆ, ಅಜ್ಜಿಯ ಸಂದೂಕಿನ ತಳದಲ್ಲಿ, ಹಳೆಯ ಸೀರೆಯ ಮಡಿಕೆಯೊಳಗೆ ಏನಿದೆ ಎಂಬುದು ನಿಮಗೆ ನಿಜವಾಗಿಯೂ ಗೊತ್ತೇ? ಗೊತ್ತಿದೆ ಎಂದು ತಟ್ಟನೆ ಉತ್ತರಿಸಿದವರು ದಯವಿಟ್ಟು ಒಂದು ಕ್ಷಣ ತಡೆಯಿರಿ. ನಾನೂ ಹಾಗೆಯೇ ಉತ್ತರಿಸಿದ್ದೆ. ಅದೂ ವೇದಿಕೆಯ ಮೇಲೆ, ಮೈಕಿನ ಮುಂದೆ, ರಾಯಚೂರಿನ ಗಣ್ಯರ ಎದುರಿಗೆ.

ನಾನು ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಬೋಧಿಸುವವನು. ವಿದ್ಯಾರ್ಥಿಯಾಗಿದ್ದಾಗಿನಿಂದಲೂ ಚರ್ಚಾಸ್ಪರ್ಧೆ ನನ್ನ ವ್ಯಸನ. ಸಮಾಜವನ್ನು ತಿದ್ದಲು ಸಾಧ್ಯವೆಂದೂ, ತಿದ್ದಲು ಬೇಕಾದದ್ದು ಸರಿಯಾಗಿ ಕಟ್ಟಿದ ವಾದ ಮಾತ್ರವೆಂದೂ ಪ್ರಾಮಾಣಿಕವಾಗಿ ನಂಬಿದವನು. ವರದಕ್ಷಿಣೆ, ಪ್ಲಾಸ್ಟಿಕ್ ಚೀಲ, ಸೊಸೆಯ ಕಾಲ್ಗುಣ, ಇಸ್ಪೀಟು ಮೊದಲಾದ ಎಲ್ಲ ಜೂಜು, ಇವೆಲ್ಲವುಗಳ ವಿರುದ್ಧ ಮಾತನಾಡಿದ್ದೇನೆ. ಇವುಗಳಲ್ಲಿ ಒಂದೂ ರಾಯಚೂರಿನಿಂದ ತೊಲಗಿಲ್ಲ ಎಂಬುದು ನನ್ನ ವಾದದ ದೋಷವಲ್ಲ.

ಆ ದಿನದ ಚರ್ಚೆಯ ವಿಷಯ: ‘ದಂತದ ನಿಷೇಧದಿಂದ ಹಳೆಯ ಕಲಾಕೃತಿಗಳಿಗೆ ವಿನಾಯಿತಿ ಇರಬೇಕು.’ ಪರವಾಗಿ ಮಾತನಾಡಿದವರು ವೆಂಕೋಬರಾಯರು. ನಿವೃತ್ತ ಬ್ಯಾಂಕ್ ಮ್ಯಾನೇಜರು. ಹಳೆಯ ಬೀಗ, ಬಿದರಿ ಹೂಜಿ, ನಿಂತ ಗಡಿಯಾರಗಳನ್ನು ಸಂಗ್ರಹಿಸುವವರು. ಅವರು ಮೆಲುದನಿಯಲ್ಲಿ ಹೇಳಿದ್ದಿಷ್ಟು: ಆನೆ ಕೊಲ್ಲುವವನಿಗೆ, ದಂತ ಮಾರುವವನಿಗೆ ಶಿಕ್ಷೆಯಾಗಲಿ. ಆದರೆ ಮುತ್ತಾತನ ಕಾಲದಲ್ಲಿ ಕೆತ್ತಿದ ಕಲೆಯನ್ನು ಕದ್ದ ಮಾಲಿನಂತೆ ನೋಡಿದರೆ, ಹೆದರಿದ ಜನ ಅದನ್ನು ಒಲೆಗೆ ಹಾಕುತ್ತಾರೆ, ಬಾವಿಗೆ ಎಸೆಯುತ್ತಾರೆ. ಸತ್ತ ಆನೆಯಂತೂ ಎದ್ದು ಬರುವುದಿಲ್ಲ, ಕಲೆಯೂ ಹೋಗುತ್ತದೆ.

ನಾನು ಎದ್ದು ನಿಂತೆ. ಹಳೆಯ ದಂತ ಎಂಬ ಬಾಗಿಲು ತೆರೆದಿಟ್ಟರೆ ಅದೇ ಬಾಗಿಲಿನಿಂದ ಹೊಸ ದಂತ ಒಳಗೆ ಬರುತ್ತದೆ ಎಂದೆ. ಆ ಮಾತನ್ನು ಇಂದಿಗೂ ಹಿಂತೆಗೆದುಕೊಳ್ಳುವುದಿಲ್ಲ. ಆದರೆ ವಾದ ಅಲ್ಲಿಗೇ ನಿಲ್ಲಬೇಕಿತ್ತು. ಚಪ್ಪಾಳೆ ಬಿತ್ತು, ಚಪ್ಪಾಳೆ ಬಿದ್ದ ಮೇಲೆ ನಾನು ನಿಲ್ಲುವವನಲ್ಲ. “ನಾಗರಿಕರ ಮನೆಯಲ್ಲಿ ದಂತವಿರುವುದಿಲ್ಲ, ದಂತವಿರುವವರು ನಾಗರಿಕರಲ್ಲ. ನನ್ನ ಮನೆಯನ್ನು ಯಾರು ಬೇಕಾದರೂ ಬಂದು ಹುಡುಕಬಹುದು!” ಎಂದು ಘರ್ಜಿಸಿದೆ. ಸಭೆ ಎದ್ದು ನಿಂತಿತು. ಬಹುಮಾನದ ಕಪ್ಪು ನನ್ನದಾಯಿತು. ಮರುದಿನ ಊರಿನ ಪತ್ರಿಕೆ ಆ ಕೊನೆಯ ವಾಕ್ಯವನ್ನೇ ದಪ್ಪ ಅಕ್ಷರದಲ್ಲಿ ಹಾಕಿ, ಕೆಳಗೆ ನನ್ನ ಫೋಟೋವನ್ನೂ ಹಾಕಿತು.

ಆದರೆ ಪತ್ರಿಕೆ ಬರುವ ಮೊದಲೇ ನನ್ನ ನಾಗರಿಕತೆ ಮುಗಿದಿತ್ತು.

ಕಪ್ಪು, ಶಾಲು, ಹಣ್ಣಿನ ಬುಟ್ಟಿಯೊಂದಿಗೆ ಮನೆಗೆ ಬಂದಾಗ ನನ್ನ ಹೆಂಡತಿ ಗಿರಿಜಾ ಪಡಸಾಲೆಯಲ್ಲಿ ಕುಳಿತು ಕೆಂಪು ಬಟ್ಟೆಯ ಗಂಟೊಂದನ್ನು ಬಿಚ್ಚುತ್ತಿದ್ದಳು. ದೇವದುರ್ಗ ತಾಲ್ಲೂಕಿನಲ್ಲಿ, ಕೃಷ್ಣೆಯ ದಂಡೆಯ ಗೂಗಲ್ ಊರಿನಲ್ಲಿರುವ ನನ್ನ ಸೋದರತ್ತೆ ನೀಲಮ್ಮ ಅದನ್ನು ಪರಿಚಿತರ ಕೈಯಲ್ಲಿ ಕಳುಹಿಸಿದ್ದಳು. ಅವಳ ಮೊಮ್ಮಗ ಮಲ್ಲಿಕಾರ್ಜುನನಿಗೆ ಮಾನ್ವಿಯ ಅಕ್ಕಿ ಗಿರಣಿಯವರ ಮಗಳು ಸುಮಾಳೊಂದಿಗೆ ಮದುವೆ ಗೊತ್ತಾಗಿತ್ತು. ಅತ್ತೆಯ ಮನೆತನದಲ್ಲಿ ಒಂದು ಪದ್ಧತಿಯಿದೆ. ಅಕ್ಷತೆಯ ಅಕ್ಕಿಕಾಳು ಬಿದ್ದ ಮೇಲೆ ಹೊಸ ಗಂಡ ಹೆಂಡತಿ ಎದುರುಬದುರು ಕುಳಿತು ಪಗಡೆಯ ದಾಳ ಉರುಳಿಸಬೇಕು. ಇಬ್ಬರಲ್ಲಿ ಯಾರಿಗಾದರೂ ಹನ್ನೆರಡು ಬೀಳಬೇಕು. ಬಿದ್ದ ಮೇಲೆಯೇ ಮದುಮಗಳು ಒಳಮನೆಗೆ ಕಾಲಿಡುವುದು, ಬೀಗರು ಊಟಕ್ಕೆ ಕೂಡುವುದು.

ಗಂಟಿನಲ್ಲಿ ಹರಿದ ಪಗಡೆಯ ಹಾಸು, ಜೊತೆಗೆ ಎರಡು ದಾಳ. ಬೆರಳಿನಷ್ಟು ಉದ್ದ, ನಾಲ್ಕು ಮುಖ, ಹಳೆಯ ಬೆಣ್ಣೆಯ ಬಣ್ಣ. ತುದಿಗಳಲ್ಲಿ ಬಳ್ಳಿಯ ಕೆತ್ತನೆ. ಬಳ್ಳಿಯ ಮೇಲೆ ಜೋಳದ ಕಾಳಿಗಿಂತ ಚಿಕ್ಕ ಗಿಳಿಗಳು. ಗಿಳಿಯ ರೆಕ್ಕೆಯ ಅಂಚಿಗೆ ಕೂದಲೆಳೆಯಷ್ಟು ಬಂಗಾರದ ಗೆರೆ. ನಿಜಾಮರ ಕಾಲದಲ್ಲಿ ಜಾಗೀರದಾರರ ಮನೆಯ ಹಿರಿಯ ಬೇಗಂ ಒಬ್ಬರು ಅತ್ತೆಯ ಅಜ್ಜಿಗೆ ಪ್ರೀತಿಯಿಂದ ಕೊಟ್ಟದ್ದಂತೆ.

“ಹಾಸು ಹೊಸದು ಹೊಲಿಸಿ, ದಾಳ ಒರೆಸಿ ಇಡ್ರಿ, ಮದುವಿಗೆ ಬರುವಾಗ ತರ್ರಿ ಅಂದಾಳ ಅತ್ತಿ,” ಎಂದಳು ಗಿರಿಜಾ.

“ಯಾವ ಕಟ್ಟಿಗೀದು?” ಎಂದೆ.

“ಕಟ್ಟಿಗಿ ಅಲ್ಲರೀ. ಆನಿ ದಂತ.”

ಹಣ್ಣಿನ ಬುಟ್ಟಿ ಕೈಯಿಂದ ಜಾರಿತು. ಮೋಸಂಬಿಗಳು ಮಂಚದ ಕೆಳಗೆ ಉರುಳಿ ತಲೆಮರೆಸಿಕೊಂಡವು. ನನಗೂ ಹಾಗೆಯೇ ಮಾಡಬೇಕೆನಿಸಿತು.

“ಮೆಲ್ಲಗ ಮಾತಾಡು. ಇದು ಯಾರ್ಯಾರಿಗೆ ಗೊತ್ತದ?”

“ಇಡೀ ಗೂಗಲ್ಲಿಗೆ ಗೊತ್ತದ. ನಿಮಗ ಗೊತ್ತಿಲ್ಲಂದ್ರ ನಾ ಏನ್ ಮಾಡ್ಲಿ? ನಮ್ಮ ಮದುವಿ ಆದಾಗ ಅತ್ತಿ ಆಡ್ರಿ ಅಂತ ಕುಂದ್ರಿಸಿದ್ರ, ಇದು ಜೂಜು ಅಂತ ಭಾಷಣ ಮಾಡಿ ಎದ್ದು ಹೋದ್ರಿ. ನಾ ಒಬ್ಬಾಕೇ ನಿಮ್ಮ ಪಾಲಿಂದೂ ಆಡಿದೆ.”

ನಿಜ. ತತ್ತ್ವಕ್ಕಾಗಿ ನಾನು ಜೀವನದಲ್ಲಿ ಒಮ್ಮೆಯೂ ಪಗಡೆ ಮುಟ್ಟಿದವನಲ್ಲ. ಈ ಹೆಮ್ಮೆಯ ಸಂಗತಿಯನ್ನು ಓದುಗರು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ನನ್ನ ಮಾನ ಹೋಗುವುದು ಇದರಿಂದಲೇ.

ವನ್ಯಜೀವಿ ಕಾಯಿದೆಯನ್ನು ನಾನು ವಾಗ್ಮಿಯಾಗಿ ಒಮ್ಮೆ ಓದಿದ್ದೆ. ಈಗ ಆರೋಪಿಯಾಗಿ ಓದಿದೆ. ಎರಡು ಓದುಗಳ ನಡುವೆ ಎಂತಹ ಅಂತರ! ಮಾರುವಂತಿಲ್ಲ, ಕೊಳ್ಳುವಂತಿಲ್ಲ ಎಂಬುದು ಗೊತ್ತಿತ್ತು. ಹಿರಿಯರಿಂದ ಬಂದದ್ದಾದರೂ ಇಲಾಖೆಗೆ ತಿಳಿಸಿ ಪ್ರಮಾಣಪತ್ರ ಪಡೆದಿರಬೇಕು, ಹಾಗೆ ತಿಳಿಸಲು ಸರ್ಕಾರ ಕೊಟ್ಟಿದ್ದ ಅವಕಾಶವೂ ಎಂದೋ ಮುಗಿದಿದೆ ಎಂಬುದನ್ನು ಭಾಷಣದ ಭರದಲ್ಲಿ ಗಮನಿಸಿರಲಿಲ್ಲ. ಮೊದಲ ಓದಿನಲ್ಲಿ ‘ಸೆರೆವಾಸ’ ಎಂಬ ಪದ ನನಗೆ ತೃಪ್ತಿ ಕೊಟ್ಟಿತ್ತು. ಈಗ ಅದರ ಒಂದೊಂದು ಅಕ್ಷರಕ್ಕೂ ಸರಳುಗಳಿದ್ದವು.

ಇಟ್ಟುಕೊಂಡರೆ ತಪ್ಪು. ಹಿಂದಿರುಗಿಸಲು ಬಸ್ಸಿನಲ್ಲಿ ಒಯ್ದರೆ ಸಾಗಾಟ. ಒರೆಸಲು ಕುಶಲಕರ್ಮಿಗೆ ಕೊಟ್ಟರೆ ಸಾಕ್ಷಿ. ತರ್ಕಶುದ್ಧವಾಗಿ ಯೋಚಿಸಿದಷ್ಟೂ ಬಾಗಿಲುಗಳು ಮುಚ್ಚುತ್ತ ಹೋದವು. ದಾಳಗಳನ್ನು ಮೊದಲು ಜೋಳದ ಡಬ್ಬಿಯಲ್ಲಿ ಹುಗಿದೆ. ಗಿರಿಜಾ ಜೋಳವನ್ನು ಗಿರಣಿಗೆ ಕಳಿಸಲು ಹೊರಟಾಗ ಓಡಿಹೋಗಿ ತೆಗೆದೆ. ಕೊನೆಗೆ ಯಾರೂ ಅನುಮಾನಿಸದ ಪವಿತ್ರ ಸ್ಥಳವೊಂದು ಹೊಳೆಯಿತು: ದಂತದ ವಿರುದ್ಧ ಮಾತನಾಡಿ ಗೆದ್ದ ಕಪ್ಪು. ದಾಳಗಳನ್ನು ಅದರೊಳಗೆ ಹಾಕಿ ಮುಚ್ಚಳ ಮುಚ್ಚಿದೆ.

ಅಷ್ಟರಲ್ಲಿ ಬಾಗಿಲು ಬಡಿದ ಸದ್ದು. ಕಿಟಕಿಯಿಂದ ಇಣುಕಿದರೆ ಖಾಕಿ ಅಂಗಿ. ನಾನು ಕಪ್ಪಿಗೆ ಬೆನ್ನು ಕೊಟ್ಟು ನಿಂತೆ. ಗಿರಿಜಾ ಹೋಗಿ ಬಾಗಿಲು ತೆರೆದಳು. ಬಂದವರು ಪಕ್ಕದ ಮನೆಯ ಮಹಿಬೂಬ್ ಸಾಹೇಬರು, ಬಸ್ ಕಂಡಕ್ಟರು. ಪತ್ರಿಕೆಯಲ್ಲಿ ಫೋಟೋ ನೋಡಿ ಡ್ಯೂಟಿಗೆ ಹೋಗುವ ಮೊದಲು ಅಭಿನಂದಿಸಲು ಬಂದಿದ್ದರು. ಕಪ್ಪನ್ನು ಎರಡೂ ಕೈಯಿಂದ ಎತ್ತಿ, ಕಿವಿಯ ಹತ್ತಿರ ಅಲ್ಲಾಡಿಸಿದರು.

“ಒಳಗ ಏನೋ ಗಡಗಡ ಅನ್ನಾಕತ್ತದಲ್ರಿ ಸರ್. ಬೆಸುಗಿ ಬಿಟ್ಟದ ಏನು? ಕೊಡ್ರಿ, ನಮ್ಮ ಡಿಪೋದಾಗ ಹಾಕಿಸ್ಕೊಂಡು ಬರ್ತೀನಿ.”

ಬೇಡ ಎಂದು ಕಪ್ಪಿನ ಒಂದು ಹಿಡಿಯನ್ನು ನಾನು ಹಿಡಿದೆ. ಸಂಕೋಚ ಬೇಡ ಎಂದು ಇನ್ನೊಂದು ಹಿಡಿಯನ್ನು ಅವರು ಬಿಡಲಿಲ್ಲ. ಆ ಎಳೆದಾಟದಲ್ಲಿ ಹಿಡಿ ಕಿತ್ತು ಅವರ ಕೈಯಲ್ಲಿ ಉಳಿಯಿತು. ಪಾಪ, ಅವರು ಅದಕ್ಕಾಗಿ ಬಹಳ ನೊಂದುಕೊಂಡರು. ನನ್ನ ಮುಖದಲ್ಲಿ ನೆಮ್ಮದಿ ಕಂಡು ಇನ್ನೂ ನೊಂದುಕೊಂಡು ಹೋದರು.

ಹೀಗೆ ಬದುಕುವುದು ಅಸಾಧ್ಯವೆನಿಸಿ, ಸೋಲಿಸಿದ ಎದುರಾಳಿಯನ್ನೇ ಮೊರೆಹೊಕ್ಕೆ. ವೆಂಕೋಬರಾಯರ ಮನೆಯ ಬಾಗಿಲು ಬಡಿದರೆ ಬಹಳ ಹೊತ್ತು ಉತ್ತರವಿಲ್ಲ. ಒಳಗೆ ಏನನ್ನೋ ಎಳೆದಾಡುವ ಸದ್ದು. ಕೊನೆಗೆ ಬಾಗಿಲು ಮುಖದಷ್ಟು ತೆರೆಯಿತು. ರಾಯರು ನನ್ನ ಹಿಂದೆ, ಬೀದಿಯ ಎರಡೂ ಕಡೆ ಇಣುಕಿದರು.

“ಒಬ್ಬರೇ ಬಂದೀರೇನ್ರೀ? ಯಾರನ್ನರ ಕರಕೊಂಡು ಬಂದೀರೋ?”

ಒಳಗೆ ಹೋದೆ. ಪರದೆಗಳೆಲ್ಲ ಮುಚ್ಚಿದ್ದವು. ಒಂದು ನಿಲುಗನ್ನಡಿ ಮುಖವನ್ನು ಗೋಡೆಗೆ ತಿರುಗಿಸಿ ನಿಂತಿತ್ತು. ಅದರ ಚೌಕಟ್ಟಿನಲ್ಲಿ ದಂತದ ಹೂಗಳನ್ನು ಕೂಡಿಸಿದ ಕೆಲಸವಿದೆಯಂತೆ. ಅವರ ತಾಯಿ ತವರಿನಿಂದ ತಂದದ್ದು. ನನ್ನ ಭಾಷಣ ಕೇಳಿದ ದಿನದಿಂದ ಅವರು ಅದರಲ್ಲಿ ಮುಖ ನೋಡಿಕೊಂಡಿರಲಿಲ್ಲ. ಗಡ್ಡದ ಸ್ಥಿತಿಯೇ ಅದನ್ನು ಹೇಳುತ್ತಿತ್ತು. ನಾನು ಇಲಾಖೆಯವರನ್ನು ಕರೆತಂದೇ ತರುತ್ತೇನೆಂದು ಅವರು ದಿನವೂ ಕಾಯುತ್ತಿದ್ದರು.

ನಾನು ನನ್ನ ಕಥೆ ಹೇಳಿದೆ. ಅವರು ನಗಲಿಲ್ಲ. ನಕ್ಕಿದ್ದರೆ ಎಷ್ಟೋ ಚೆನ್ನಾಗಿತ್ತು. ಇಬ್ಬರು ವಾಗ್ಮಿಗಳು ಕತ್ತಲ ಕೋಣೆಯಲ್ಲಿ, ತಿರುಗಿ ನಿಂತ ಕನ್ನಡಿಯ ಮುಂದೆ ಬೆವರುತ್ತ ಕುಳಿತೆವು.

“ನೆಟ್ಟಗ ಕಚೇರಿಗೆ ಹೋಗಿ ಹೇಳೋದ ಸರಿ,” ಎಂದರು ಕೊನೆಗೆ.

“ನೀವು ಯಾಕ ಹೋಗಿಲ್ಲ?”

“ಅಂಜಿಕಿ,” ಎಂದರು. “ಆದ್ರ ಒಂದು ಮಾತು. ಆ ದಾಳಕ್ಕ ಏನೂ ಮಾಡಬ್ಯಾಡ್ರಿ. ನೀರು ಸೈತ ಮುಟ್ಟಿಸಬ್ಯಾಡ್ರಿ. ಅಂಥ ಗಿಳಿ ಕೆತ್ತೋ ಕೈ ಈಗಿಲ್ಲ.”

ಆ ಎರಡು ಸಲಹೆಗಳಲ್ಲಿ ಒಂದನ್ನಾದರೂ ಪಾಲಿಸಿದ್ದರೆ ಈ ಲೇಖನ ಬರೆಯುವ ಅಗತ್ಯ ಬೀಳುತ್ತಿರಲಿಲ್ಲ.

ಮುಂದಿನ ವಾರ ಬೀಗರ ಮನೆಗೆ ಮಾತುಕತೆಗೆಂದು ಮಾನ್ವಿಗೆ ಹೋಗಬೇಕಾಗಿತ್ತು. ದಾಳಗಳನ್ನು ಬಿಳಿ ವಸ್ತ್ರದಲ್ಲಿ ಕಟ್ಟಿ ಚೀಲಕ್ಕೆ ಹಾಕಿಕೊಂಡೆ. ಮಾತುಕತೆ ಮುಗಿಸಿ ಚೀಕಲಪರ್ವಿಗೆ ಹೋಗಿ, ತುಂಗಭದ್ರೆಯಲ್ಲಿ ಅವುಗಳನ್ನು ಬಿಟ್ಟು, ಬಸ್ಸಿನಲ್ಲಿ ಕಳೆದುಹೋದವು ಎಂದು ಅತ್ತೆಗೆ ಹೇಳುವುದು ನನ್ನ ಯೋಜನೆ. ಜನ ಹೆದರಿ ಬಾವಿಗೆ ಎಸೆಯುತ್ತಾರೆ ಎಂಬ ರಾಯರ ವಾದವನ್ನು ‘ಕಾಲ್ಪನಿಕ ಭೀತಿ’ ಎಂದು ಖಂಡಿಸಿದ್ದವನು ನಾನೇ. ಆದರೆ ಇದು ಬಾವಿಯಲ್ಲ, ನದಿ ಎಂದು ನನ್ನನ್ನು ನಾನೇ ಒಪ್ಪಿಸಿದೆ.

ನದಿಯ ಮೆಟ್ಟಿಲಿಳಿದು, ಸುತ್ತ ನೋಡಿ, ಬಿಳಿ ಗಂಟನ್ನು ಎದೆಗವಚಿಕೊಂಡು ನಿಂತೆ. ಕಣ್ಣಲ್ಲಿ ನೀರು ಬಂದಿತ್ತು. ಬಟ್ಟೆ ಹಿಂಡುತ್ತಿದ್ದ ಮುದುಕನೊಬ್ಬ ಹತ್ತಿರ ಬಂದು, ತಲೆಯ ರುಮಾಲು ತೆಗೆದು ಕೇಳಿದ:

“ಯಾರು ಹೋದ್ರು ಯಪ್ಪಾ? ತಾಯೋ, ತಂದಿಯೋ?”

ಅಸ್ಥಿ ಬಿಡಲು ಬಂದಿದ್ದೇನೆಂದು ಅವನು ತಿಳಿದಿದ್ದ. ಅಲ್ಲವೆನ್ನಲು ಬಾಯಿ ಬರಲಿಲ್ಲ. “ಬಹಳ ದೊಡ್ಡ ಜೀವ,” ಎಂದುಬಿಟ್ಟೆ. ಸುಳ್ಳೇನೂ ಅಲ್ಲ. ಅವನು ಅಲ್ಲಿದ್ದವರನ್ನೆಲ್ಲ ಕೂಗಿ ಕರೆದ. ಹೆಂಗಸರು ಸೆರಗು ಹೊದ್ದು ಬಂದರು. ಒಬ್ಬಾಕೆ ನನ್ನ ಬೆನ್ನು ಸವರಿ, ದೊಡ್ಡ ಜೀವ ಅಂದ್ರ ಊಟ ತಿಂಡಿ ಎಲ್ಲ ಬಿಟ್ಟು ಬಾಳ ದಿನ ನರಳಿತೇನು ಎಂದು ವಿಚಾರಿಸಿದಳು. ಮತ್ತೊಬ್ಬ ಕ್ಷೌರಿಕನನ್ನು ಕರೆತರಲು ಹೊರಟ. ಗಂಟು ಬಿಚ್ಚು, ಕಾಯಿ ಒಡೆಯೋಣ, ಹೂ ಹಾಕೋಣ ಎಂದು ಮುದುಕ ಕೈ ಚಾಚಿದ. ತಲೆಗೂದಲನ್ನೂ ಗಂಟನ್ನೂ ಉಳಿಸಿಕೊಂಡು ನಾನು ಓಡಿದ ಓಟವನ್ನು ಚೀಕಲಪರ್ವಿಯವರು ಇಂದಿಗೂ ದುಃಖದ ಭ್ರಮೆ ಎಂದೇ ತಿಳಿದಿದ್ದಾರೆ.

ಮನೆಗೆ ಬಂದರೆ ಅತ್ತೆಯ ಫೋನು. ಬಹಳ ಉತ್ಸಾಹದಲ್ಲಿದ್ದಳು.

“ಯಪ್ಪಾ, ನಿನಗ ಮದುವ್ಯಾಗ ಮಾತಾಡಾಕ ಚೊಲೋ ಜೋಡಿ ಸಿಕ್ತು ನೋಡು. ಹುಡುಗಿ ಸ್ವಾದರಮಾವ ವೀರಭದ್ರಪ್ಪ ಅಂತ. ಫಾರೆಸ್ಟ್‌ನ್ಯಾಗ ರೇಂಜರ್ ಸಾಹೇಬ ಅದಾನ. ಪಗಡಿ ಅಂದ್ರ ಜೀವ ಬಿಡ್ತಾನಂತ. ನಾನೇ ಮುಂದ ಕುಂತು ಆಡಿಸ್ತೀನಿ ಅಂದಾನ. ದಾಳ ಮರಿಬ್ಯಾಡ.”

ಫೋನು ಇಟ್ಟು ಲೆಕ್ಕ ಹಾಕಿದೆ. ಅರಣ್ಯಾಧಿಕಾರಿಯ ಮುಂದೆ, ಜಮಖಾನದ ಮೇಲೆ, ಇಡೀ ಬೀಗರ ಸಮಕ್ಷಮ ದಂತ ಉರುಳಬೇಕು. ತರುವವನು ‘ನನ್ನ ಮನೆ ಹುಡುಕಿ’ ಎಂದವನು! ಭಯ ಮನುಷ್ಯನನ್ನು ಮಂಕುಗೊಳಿಸುತ್ತದೆ ಎನ್ನುತ್ತಾರೆ. ಅದು ಅರ್ಧಸತ್ಯ. ಭಯ ಮನುಷ್ಯನಿಗೆ ಉಪಾಯಗಳನ್ನೂ ಕೊಡುತ್ತದೆ. ಅದೇ ಅಪಾಯ.

ಭಾನುವಾರ ಮಧ್ಯಾಹ್ನ ಗಿರಿಜಾ ತವರಿಗೆ ಹೋಗಿದ್ದಳು. ಕಿಟಕಿಗೆ ಹಚ್ಚಿ ಉಳಿದ ಹಸಿರು ಆಯಿಲ್ ಪೇಂಟಿನ ಡಬ್ಬಿ ಮೂಲೆಯಲ್ಲಿತ್ತು. ಹಸಿರು ಪರಿಸರದ ಬಣ್ಣ. ನನ್ನ ಸಿದ್ಧಾಂತಕ್ಕೂ ಹೊಂದುತ್ತದೆ. ಬಣ್ಣ ಬಳಿದ ದಾಳ ಮರದ್ದೆಂದೇ ಕಾಣುವುದು ಸಹಜ. ಒಂದು ಲೇಪ ಬಳಿದೆ. ಬಿಳುಪು ಇಣುಕಿತು. ಇನ್ನೊಂದು ದಪ್ಪನೆಯ ಲೇಪ ಬಳಿದೆ. ಗಿಳಿಗಳು ಒಂದೊಂದಾಗಿ ಮುಳುಗಿದವು. ಬಂಗಾರದ ಗೆರೆ ಮುಳುಗಿತು. ನನಗೆ ಆಗ ನೋವಾಗಲಿಲ್ಲ ಎಂಬುದನ್ನು ನಾಚಿಕೆಯಿಂದ ಒಪ್ಪುತ್ತೇನೆ, ಉಸಿರಾಟ ಸಲೀಸಾಯಿತು.

ಅದೆಲ್ಲ ಒಣಗಿದ ಮೇಲೆ ನೆನಪಾಯಿತು: ಚುಕ್ಕೆಗಳೂ ಮುಳುಗಿವೆ.

ಇದಕ್ಕೂ ಪರಿಹಾರವಿತ್ತು. ಉತ್ತರಪತ್ರಿಕೆ ತಿದ್ದುವಾಗ ಬಳಸುವ ವೈಟ್ನರ್ ಮೇಜಿನ ಮೇಲಿತ್ತು. ಯಾವ ಮುಖಕ್ಕೆ ಎಷ್ಟು ಚುಕ್ಕೆ? ಇಲ್ಲಿ ನಾನು ಶುದ್ಧ ತರ್ಕವನ್ನು ಅವಲಂಬಿಸಿದೆ. ಆರು ಮುಖದ ದಾಳಕ್ಕೆ ಒಂದರಿಂದ ಆರು. ಆದ್ದರಿಂದ ನಾಲ್ಕು ಮುಖದ ದಾಳಕ್ಕೆ ಒಂದರಿಂದ ನಾಲ್ಕು. ಇದಕ್ಕಿಂತ ನಿರ್ದುಷ್ಟವಾದ ಅನುಮಾನ ಪ್ರಮಾಣ ಯಾವ ಶಾಸ್ತ್ರದಲ್ಲಿದೆ? ಒಂದು, ಎರಡು, ಮೂರು, ನಾಲ್ಕು ಎಂದು ಅಂದವಾಗಿ ಚುಕ್ಕೆಯಿಟ್ಟು, ಪೆಟ್ಟಿಗೆಯಲ್ಲಿ ಹಾಕಿ ದಾರ ಸುತ್ತಿದೆ. ಒರೆಸಿ ಆಯಿತೇನು ಎಂದು ಗಿರಿಜಾ ಕೇಳಿದಾಗ, ಆಯಿತು ಎಂದೆ. ಪೂರ್ತಿಯಾಗಿ ಒರೆಸಿಹೋಗಿತ್ತು.

ಮದುವೆ ಗೂಗಲ್ಲಿನಲ್ಲಿ ನಡೆಯಿತು. ಅಲ್ಲಮಪ್ರಭುವಿನ ಗುಡಿಗೆ ಹೋಗಿ ಬಂದು, ಅಕ್ಕಿಕಾಳು ಬಿದ್ದು, ಮದುಮಕ್ಕಳು ಅತ್ತೆಯ ಪಡಸಾಲೆಯಲ್ಲಿ ಜಮಖಾನದ ಮೇಲೆ ಕುಳಿತರು. ಒಳಗಿನಿಂದ ಗೋದಿ ಹುಗ್ಗಿಯ ವಾಸನೆ ಬರುತ್ತಿತ್ತು. ವೀರಭದ್ರಪ್ಪನವರು ಬಿಳಿ ಪಂಚೆ ಉಟ್ಟಿದ್ದರೂ ಮೀಸೆಯಲ್ಲಿ ಇಲಾಖೆ ಕಾಣುತ್ತಿತ್ತು. ಅವರು ನೇರವಾಗಿ ಬಂದು ನನ್ನ ಪಕ್ಕದಲ್ಲೇ ಕುಳಿತರು.

ಅತ್ತೆ ಪೆಟ್ಟಿಗೆ ತೆರೆದಳು. ಕಣ್ಣು ಕಿರಿದು ಮಾಡಿ ನೋಡಿದಳು.

“ಇದೇನಪ್ಪ, ಹಸರು?”

“ಹೊಸ ನಮೂನಿ ಅತ್ತಿ. ಮದುವಿಗೆ ಅಂತ ಬಣ್ಣ ಹಚ್ಚಿಸಿದೆ,” ಎಂದೆ. ಗಿರಿಜಾ ನನ್ನ ಕಡೆ ನೋಡಿದ ನೋಟವನ್ನು ವರ್ಣಿಸುವುದಿಲ್ಲ. ಬೀಗರು ಎದುರಿಗಿದ್ದುದರಿಂದ ಅತ್ತೆ ದಾಳಗಳನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿ, ಮೊಮ್ಮಗನ ಕೈಗಿಟ್ಟಳು.

ಆಟ ಶುರುವಾಯಿತು. ಮಲ್ಲಿಕಾರ್ಜುನ ಉರುಳಿಸಿದ, ಐದು. ಸುಮಾ ಉರುಳಿಸಿದಳು, ಏಳು. ಮತ್ತೆ ಐದು, ಮತ್ತೆ ಮೂರು. ಎಂಟು ಬಿದ್ದಾಗ ಎಲ್ಲರೂ ಹುರುಪಿನಿಂದ ಮುಂದೆ ಬಾಗಿದರು. ಅದಕ್ಕಿಂತ ಮೇಲೆ ಹೋಗಲಿಲ್ಲ. ಮೊದಲು ನಗು ಇತ್ತು, ಚೇಷ್ಟೆ ಇತ್ತು. ಕೈ ಬೆಚ್ಚಗ ಮಾಡ್ಕೊಳ್ಳವ್ವ ಎಂದರು, ಗಂಡನ ಮಾರಿ ನೋಡಿ ಒಗಿ ಎಂದರು. ದಾಳ ಉರುಳುತ್ತಲೇ ಇತ್ತು. ಹುಗ್ಗಿ ಆರಿತು. ಹಪ್ಪಳ ಮೆತ್ತಗಾಯಿತು. ಮಾನ್ವಿಯಿಂದ ಬಂದ ಬಸ್ಸಿನ ಡ್ರೈವರು ಬಾಗಿಲಿಗೆ ಬಂದು ಎರಡು ಸಲ ಕೆಮ್ಮಿಹೋದ.

ವೀರಭದ್ರಪ್ಪನವರು ಮೀಸೆ ತಿರುವುತ್ತ, ನಾ ಇಷ್ಟು ವರ್ಷ ಪಗಡಿ ಆಡೀನಿ, ಇಂಥ ಆಟ ಕಂಡಿಲ್ಲ ಎಂದು ನನ್ನ ಕಡೆ ಬಾಗಿದರು. ನಾನು ಛಾವಣಿ ನೋಡಿದೆ. ಗಿರಿಜಾ ಹಿಂದಿನಿಂದ ಬಂದು ನನ್ನ ಕಿವಿಯಲ್ಲಿ ಕೇಳಿದಳು:

“ಆರು ಎಲ್ಲಿ ಹೋತ್ರೀ?”

“ಯಾವ ಆರು?”

“ದಾಳಕ್ಕ ಒಂದು, ಮೂರು, ನಾಲ್ಕು, ಆರು ಇರ್ತಾವಲ್ಲ. ಆರು ಆರು ಕೂಡಿದ್ರಲ್ಲ ಹನ್ನೆರಡು.”

ಡಿಸೆಂಬರಿನ ಕೃಷ್ಣೆಯಲ್ಲಿ ಮುಳುಗಿದಂತಾಯಿತು. ನಾಲ್ಕಕ್ಕೆ ನಾಲ್ಕು ಕೂಡಿಸಿದೆ. ಎಂಟು. ಈ ದಂಪತಿ ಷಷ್ಟ್ಯಬ್ದಿಯವರೆಗೆ ಕುಳಿತು ಉರುಳಿಸಿದರೂ ಎಂಟು! ಹೇಳಿದರೆ ಬಣ್ಣದ ವಿಷಯ. ಬಣ್ಣದ ಹಿಂದೆ ದಂತ. ದಂತದ ಪಕ್ಕದಲ್ಲೇ ರೇಂಜರ್. ಹೇಳದಿದ್ದರೆ ಯಾವುದಾದರೂ ನೆಪದಿಂದ ಪದ್ಧತಿ ತಾನೇ ಮುರಿದುಬಿದ್ದೀತು ಎಂದು ಆಸೆಪಟ್ಟು, ಕಲ್ಲಿನಂತೆ ಕುಳಿತೆ.

ಆಗ ಕಂಬದ ಹತ್ತಿರ ಕುಳಿತಿದ್ದ ಹಿರಿಯ ಹೆಂಗಸೊಬ್ಬರು ಪಕ್ಕದವರಿಗೆ ಹೇಳಿದ್ದು ಎಲ್ಲರಿಗೂ ಕೇಳಿಸಿತು.

“ಈ ಮನ್ಯಾಗ ಹನ್ನೆರಡು ಬೀಳ್ದ ಮದುವಿ ಆಗಿಲ್ಲವಾ. ಹುಡುಗಿ ಕಾಲ್ಗುಣ ಏನದನೋ.”

ಸುಮಾಳ ಕೈಯಲ್ಲಿ ದಾಳ ನಿಂತಿತು. ಅವಳು ತಲೆ ತಗ್ಗಿಸಿದಳು; ಬಾಸಿಂಗ ನಡುಗುತ್ತಿತ್ತು. ಅವಳ ತಂದೆ ಎದ್ದು ನಿಂತು, ಯಾರಿಗೆ ಏನು ಹೇಳಬೇಕೆಂದು ತಿಳಿಯದೆ ಮತ್ತೆ ಕುಳಿತರು. ಇಷ್ಟು ದಿನ ನನ್ನ ಭಯವೆಲ್ಲ ನನ್ನದೇ ಆಗಿತ್ತು. ಈಗ ಅದು ಆ ಹುಡುಗಿಯ ಹಣೆಗೆ ಅಂಟುತ್ತಿತ್ತು. ಕಾಲ್ಗುಣದ ವಿರುದ್ಧ ಜಿಲ್ಲೆಯ ತುಂಬ ಭಾಷಣ ಮಾಡಿದವನು ತನ್ನ ವೈಟ್ನರ್‌ನಿಂದಲೇ ಒಬ್ಬಳಿಗೆ ಕೆಟ್ಟ ಕಾಲ್ಗುಣ ಬರೆದುಕೊಟ್ಟಿದ್ದ.

ನಾನು ಎದ್ದು ನಿಂತೆ. ಅಭ್ಯಾಸಬಲದಿಂದ, “ಮಾನ್ಯ ಅಧ್ಯಕ್ಷರೇ, ತೀರ್ಪುಗಾರರೇ,” ಎಂದೇ ಮೊದಲಾಯಿತು. ಯಾರೂ ನಗಲಿಲ್ಲ.

“ದೋಷ ಹುಡುಗಿಯ ಕಾಲಿನಲ್ಲಿಲ್ಲ. ನನ್ನ ಕುಂಚದಲ್ಲಿದೆ. ಈ ದಾಳಗಳಲ್ಲಿ ಆರು ಇಲ್ಲ. ನಾನೇ ಅಳಿಸಿದ್ದೇನೆ. ಇವು ದಂತದವು, ಸಾಹೇಬರಿಗೆ ಹೆದರಿ ಬಣ್ಣ ಬಳಿದೆ.” ಅಷ್ಟು ಹೇಳಿ, ಕೈಕೋಳಕ್ಕೆ ಅನುಕೂಲವಾಗಲೆಂದು ಎರಡೂ ಕೈ ಮುಂದೆ ಚಾಚಿದೆ.

ವೀರಭದ್ರಪ್ಪನವರು ನನ್ನ ಮುಖ ನೋಡಿದರು.

“ನೀವು ಪೇಪರ್ದಾಗ ಬಂದವ್ರಲ್ಲ? ನನ್ನ ಮನಿ ಹುಡುಕ್ರಿ ಅಂದವ್ರು?”

“ಹೌದ್ರೀ.”

“ನಾ ಹುಡುಕಾಕ ಬಂದಿಲ್ಲರೀ. ಉಣ್ಣಾಕ ಬಂದೀನಿ.”

ಅವರು ಒಂದು ದಾಳ ಎತ್ತಿಕೊಂಡು ಉಗುರಿನಿಂದ ತುದಿ ಕೆರೆದರು. ಪೇಂಟಿನ ಸಿಪ್ಪೆ ಎದ್ದು, ಕೆಳಗೆ ಒಂದು ಗಿಳಿಯ ಕೊಕ್ಕು ಕಂಡಿತು. ಅವರ ಮುಖದ ನಗು ಹೋಯಿತು.

“ದಂತ ಹೇಳದ ಇಟ್ಕೊಂಡಿದ್ದು ತಪ್ಪು ಖರೆ. ಅದಕ್ಕ ಕಾಯ್ದೆ ಅದ, ಕಚೇರಿ ಅದ. ನಂಟರ ಮನಿ, ಮುಚ್ಚಿ ಹಾಕಾಕ ನನ್ನ ಕಡೆ ಆಗಂಗಿಲ್ಲ. ನೀವ ಹೋಗಿ ಹೇಳ್ರಿ, ಹಾದಿ ಏನದ ನೋಡೋಣ. ಆದ್ರ ಇದಕ್ಕ ಬಣ್ಣ ಹಚ್ಚಿದ್ದಕ್ಕ ಯಾವ ಕಾಯ್ದೆ ಹಾಕ್ಬೇಕೋ ನನಗ ತಿಳೀವಲ್ದು.”

ಆ ಕ್ಷಣದಲ್ಲಿ ಬುದ್ಧಿ ಓಡಿಸಿದವಳು ಸುಮಾ. ತನ್ನ ಚೀಲದಿಂದ ನೇಲ್ ಪಾಲಿಶ್ ತೆಗೆಯುವ ದ್ರಾವಣದ ಬಾಟಲಿ ಮತ್ತು ಹತ್ತಿ ತರಿಸಿದಳು. ಗಂಡ ಹೆಂಡತಿ ಒಂದೊಂದು ದಾಳ ಹಿಡಿದು, ಮದುವೆಯ ಉಡುಪಿನಲ್ಲೇ ಉಜ್ಜಲು ಕುಳಿತರು. ಅವರು ಕೂಡಿ ಮಾಡಿದ ಮೊದಲ ಸಂಸಾರದ ಕೆಲಸ ಅದು. ಹಸಿರು ಹೋಯಿತು. ಅದರೊಂದಿಗೆ ಚುಕ್ಕೆಗಳಲ್ಲಿ ತುಂಬಿದ್ದ ಕಪ್ಪು ಅರಗೂ ಹೋಯಿತು. ಬಂಗಾರದ ಗೆರೆ ಹತ್ತಿಗೆ ಬಂತು. ಸುಮಾ ಆ ಹತ್ತಿಯನ್ನು ಎಸೆಯಲಾರದೆ ಹಿಡಿದುಕೊಂಡಿದ್ದಳು. ಕೆತ್ತನೆಯ ಸಂದಿಗಳಲ್ಲಿ, ಹಳೆಯ ದಂತದ ಸಣ್ಣ ಬಿರುಕುಗಳಲ್ಲಿ ಇಳಿದ ಹಸಿರು ಮಾತ್ರ ಏನು ಮಾಡಿದರೂ ಬರಲಿಲ್ಲ. ಇಂದಿಗೂ ಬಂದಿಲ್ಲ.

ಅತ್ತೆ ದಾಳಗಳನ್ನು ಬೆಳಕಿಗೆ ಹಿಡಿದು ನೋಡಿದಳು. ನಾನು ಅವಳ ಬೈಗುಳಕ್ಕಾಗಿ ಕಾದೆ. ಬೈದಿದ್ದರೆ ಹಗುರಾಗುತ್ತಿದ್ದೆ.

“ಇರ್ಲಿ ಬಿಡಪ್ಪ,” ಎಂದಳು. “ಗಿಳಿ ಹಸರೇ ಇರ್ತಾವ.”

ಅಳಿಸಿಹೋಗಿದ್ದ ಆರರ ಕುಳಿಗಳು ಈಗ ಬರಿಗಣ್ಣಿಗೆ ಕಾಣುತ್ತಿದ್ದವು. ಸುಮಾ ಉರುಳಿಸಿದಳು. ನಾಲ್ಕು ಬಿತ್ತು. ಕಂಬದ ಹತ್ತಿರದ ಹಿರಿಯರು ಈ ಸಲ ಬಾಯಿ ತೆರೆಯಲಿಲ್ಲ. ಇನ್ನೂ ಕೆಲವು ಸುತ್ತು ಉರುಳಿಸಿದ ಮೇಲೆ ಸುಮಾಳ ಕೈಯಿಂದಲೇ ಆರೂ ಆರೂ ಮೇಲೆದ್ದವು. ಜನ ಚಪ್ಪಾಳೆ ತಟ್ಟಿದರು. ನನ್ನ ಇಡೀ ಭಾಷಣ ಜೀವನದಲ್ಲಿ ಅಂತಹ ಚಪ್ಪಾಳೆ ಕೇಳಿಲ್ಲ. ಬೀಗರು ಆರಿದ ಹುಗ್ಗಿಗೆ ತುಪ್ಪ ಹಾಕಿಸಿಕೊಂಡು ಉಂಡರು. ವೀರಭದ್ರಪ್ಪನವರು ನನ್ನನ್ನು ಪಕ್ಕದಲ್ಲೇ ಕೂರಿಸಿಕೊಂಡರು. ಅವರು ಉಂಡರು, ನಾನು ಎಲೆಯ ಮುಂದೆ ಕುಳಿತಿದ್ದೆ.

ಮದುವೆಯ ಗದ್ದಲ ಮುಗಿದ ಮೇಲೆ ಅತ್ತೆಯನ್ನು ಕರೆದುಕೊಂಡು ರಾಯಚೂರಿನಲ್ಲಿ ಇಲಾಖೆಯ ಕಚೇರಿಗೆ ಹೋದೆ. ಹೋಗುವ ಮೊದಲು ವೆಂಕೋಬರಾಯರಿಗೆ ಹೇಳಿದ್ದೆ. ನೋಡಿದರೆ ಅವರು ಆಗಲೇ ಗೇಟಿನ ಎದುರಿನ ಚಹಾದಂಗಡಿಯಲ್ಲಿ ಕುಳಿತಿದ್ದರು. ಪಕ್ಕದಲ್ಲಿ ಕಂಬಳಿ ಹೊದ್ದ ನಿಲುಗನ್ನಡಿ.

“ನೀವು ಒಳಗ ಹೋಗಿ ಹೊರಗ ಬರ್ರಿ,” ಎಂದರು. “ಬಂದ್ರ ನಾನೂ ಹೋಗ್ತೀನಿ.”

ಹೊರಗೆ ಬಂದೆ. ಕೈಕೋಳವಿರಲಿಲ್ಲ. ಅದನ್ನು ನೋಡಿದ ಮೇಲೆ ರಾಯರೂ ಕನ್ನಡಿಯೊಂದಿಗೆ ಒಳಗೆ ಹೋದರು. ಅಧಿಕಾರಿಗಳು ಕೇಳಿದ ಪ್ರಶ್ನೆಗಳಿಗೆ ನಾನೂ ಅತ್ತೆಯೂ ಉತ್ತರ ಬರೆದುಕೊಟ್ಟಿದ್ದೆವು; ವಿಚಾರಣೆ ಮುಗಿಯುವವರೆಗೆ ದಾಳಗಳು ಇಲಾಖೆಯ ವಶದಲ್ಲಿ. ಹಿರಿಯರಿಂದ ಬಂದದ್ದೆಂದು ಸಾಬೀತಾದರೆ ಏನು ಮಾಡಬಹುದು, ವಸ್ತುಸಂಗ್ರಹಾಲಯಕ್ಕೆ ಕೊಡಬಹುದೇ ಎಂಬುದೆಲ್ಲ ಇನ್ನೂ ಕಡತದಲ್ಲಿದೆ. ಹಳೆಯ ವಸ್ತುಗಳನ್ನು ಬಲ್ಲವರೊಬ್ಬರು ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. ಮೊದಲಿನಂತೆಯೇ ಇದ್ದಿದ್ದರೆ ಗಾಜಿನ ಪೆಟ್ಟಿಗೆಯಲ್ಲಿ ಇಡುವಂಥದ್ದು ಎಂದರು. ಆಮೇಲೆ, ಇದು ಯಾವ ಕಾಲದ ಹಸಿರು ಎಂದು ಕೇಳಿದರು. ಕಿಟಕಿಯ ಕಾಲದ್ದು ಎಂದೆ.

ನಿಷೇಧ ಬೇಕೇ ಬೇಕು ಎಂಬ ನನ್ನ ನಿಲುವು ಬದಲಾಗಿಲ್ಲ. ಆದರೆ ಆನೆಯನ್ನು ಉಳಿಸಲು ಬಂದ ಕಾಯಿದೆಗೆ ಹೆದರಿ ನಾನು ಒಂದು ಆನೆಯನ್ನೂ ಉಳಿಸಲಿಲ್ಲ. ಗಿಳಿಗಳನ್ನು ಮಾತ್ರ ಕೊಂದೆ. ರಾಯರು ಇಷ್ಟನ್ನೇ ಹೇಳಿದ್ದರು. ಅವರ ವಾದಕ್ಕೆ ಉದಾಹರಣೆ ಒದಗಿಸಿದವನು ಎದುರಾಳಿ! ಒಂದು ಹಿಡಿ ಮುರಿದ ಆ ಕಪ್ಪನ್ನು ಅವರಿಗೆ ಕೊಡಲು ಹೋದೆ. ಮುರಿದದ್ದನ್ನು ನಾನು ಸಂಗ್ರಹಿಸುವುದಿಲ್ಲ ಎಂದರು.

ಅತ್ತೆ ಆಗಾಗ ಫೋನು ಮಾಡುತ್ತಾಳೆ. ಮೊದಲು ಎಲ್ಲರ ಕ್ಷೇಮ ಕೇಳುತ್ತಾಳೆ, ಮೊಮ್ಮಗನ ಹೆಂಡತಿ ಸುಮಾಳನ್ನು ಹೊಗಳುತ್ತಾಳೆ. ಇಡುವ ಮುಂಚೆ ಮಾತ್ರ ದನಿ ತಗ್ಗಿಸಿ ಕೇಳುತ್ತಾಳೆ: “ನನ್ನ ಗಿಳಿ ಯಾವಾಗ ಬರ್ತಾವ ಯಪ್ಪಾ?” ಚರ್ಚಾಸ್ಪರ್ಧೆಗಳಲ್ಲಿ ಎಂದೂ ನಿರುತ್ತರನಾಗದ ನಾನು ಆಗ ಸಿಗ್ನಲ್ ಸರಿಯಿಲ್ಲ ಎನ್ನುತ್ತೇನೆ.

ಆದ್ದರಿಂದ ಓದುಗರಲ್ಲಿ ಒಂದು ವಿನಂತಿ. ಇಂದೇ ನಿಮ್ಮ ಮನೆಯ ಹಳೆಯ ಸಂದೂಕು ತೆರೆದು ನೋಡಿ. ದಂತದ ವಸ್ತುವೇನಾದರೂ ಇದ್ದರೆ ಮಾರಬೇಡಿ, ಹುಗಿಯಬೇಡಿ, ನದಿಗೆ ಒಯ್ಯಬೇಡಿ. ಇದ್ದದ್ದನ್ನು ಇದ್ದ ಹಾಗೆಯೇ ಇಟ್ಟು, ಅರಣ್ಯ ಇಲಾಖೆಯ ಕಚೇರಿಗೆ ಹೋಗಿ ವಿಚಾರಿಸಿ. ಒಬ್ಬರೇ ಹೋಗಲು ಅಂಜಿಕೆಯಾದರೆ ನನ್ನನ್ನು ಕರೆಯಿರಿ. ಎದುರಿನ ಚಹಾದಂಗಡಿಯವರೆಗೆ ಖಂಡಿತ ಬರುತ್ತೇನೆ.